ಪೇಲೋಡ್ ರಾಯರು

ಅಮೆರಿಕದ ಯಾವ ಊರಿನ ಕನ್ನಡ ಕೂಟಕ್ಕೆ ಹೋದರೂ ಒಬ್ಬ ಪೇಲೋಡ್ ರಾಯರು ಸಿಕ್ಕೇ ಸಿಗುತ್ತಾರೆ. ಡಲ್ಲಾಸಿನಲ್ಲಿದ್ದಾರೆ, ಡೆಟ್ರಾಯಿಟಿನಲ್ಲಿದ್ದಾರೆ. ಫೀನಿಕ್ಸಿನಲ್ಲಂತೂ ಇಬ್ಬರಿದ್ದಾರೆ, ಒಬ್ಬರು ಫೋರ್ಡ್ ಪಕ್ಷ, ಇನ್ನೊಬ್ಬರು ರ‍್ಯಾಮ್ ಪಕ್ಷ, ಇಬ್ಬರಿಗೂ ಮಾತಿಲ್ಲ. ಯುಗಾದಿ ಊಟದ ದಿನ ಉಳಿದವರೆಲ್ಲ ಒಳಗೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುವಾಗ, ಹೊರಗೆ ಬಿಸಿಲಲ್ಲಿ ಯಾರದೋ ಪಿಕಪ್ ಟ್ರಕ್ಕಿನ ಬಾಗಿಲು ತೆಗೆಸಿ, ಸೊಂಟ ಬಗ್ಗಿಸಿ, ಕನ್ನಡಕ ಹಣೆಗೇರಿಸಿ, ಡ್ರೈವರ್ ಪಕ್ಕದ ಚೌಕಟ್ಟಿಗೆ ಅಂಟಿಸಿದ ಹಳದಿ ಚೀಟಿಯನ್ನು ಓದುತ್ತಿರುವವರೇ ಅವರು. ಓದಿ ಮುಗಿಸಿ ನಿಟ್ಟುಸಿರು ಬಿಡುತ್ತಾರೆ. “ಸಾವಿರದ ನಾನೂರ ಎಂಬತ್ತು ಅಷ್ಟೇನಾ?” ಟ್ರಕ್ಕಿನ ಯಜಮಾನ ಅಲ್ಲಿಯತನಕ ಸುಖವಾಗಿದ್ದ ಮನುಷ್ಯ.

ರಾಯರು ಹುಟ್ಟಾ ಹೀಗಿರಲಿಲ್ಲ. ಕಂಪ್ಯೂಟರ್ ಕೆಲಸ, ಒಂದು ಕ್ಯಾಮ್ರಿ ಕಾರು, ಒಂದು ಎಸ್‌ಯುವಿ, ಬೇಸಿಗೆಯಲ್ಲಿ ಒಂದು ನಯಾಗರ, ಹೀಗೆ ನೆಮ್ಮದಿಯಾಗಿದ್ದರು. 2020ರಲ್ಲಿ ವಿಮಾನಗಳು ನಿಂತು, ಹೋಟೆಲ್ ಕೋಣೆಗೆ ಕಾಲಿಡಲು ಜನ ಹೆದರುತ್ತಿದ್ದಾಗ ಅರ್ಧ ಅಮೆರಿಕವೇ ಟ್ರೇಲರ್ ಕೊಳ್ಳಲು ಓಡಿತು. ಇವರೂ ಓಡಿ 17 ಅಡಿಯದೊಂದನ್ನು ತಂದರು. ಮನೆಯಲ್ಲಿದ್ದ ಎಸ್‌ಯುವಿಯೇ ಅದನ್ನು ಎಳೆದುಕೊಂಡು ಹೋಗುತ್ತಿತ್ತು. ಅಲ್ಲಿಗೇ ನಿಂತಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ. ಮಕ್ಕಳಿಬ್ಬರು ಉದ್ದವಾದರು. ಮೈಸೂರಿನಿಂದ ಅತ್ತೆ ಮಾವ ಬರುವುದೆಂದಾಯಿತು. ಅಂಥದ್ದರಲ್ಲಿ ಒಂದು ಭಾನುವಾರ ದಂಪತಿ ಟ್ರೇಲರ್ ಮೇಳಕ್ಕೆ, ಸುಮ್ಮನೆ ನೋಡಿಕೊಂಡು ಬರೋಣವೆಂದು, ಹೋದರು. ಸುಮ್ಮನೆ ನೋಡಿಕೊಂಡು ಬರಲು ಹೋದವರ ಕಥೆ ನಿಮಗೆ ಗೊತ್ತೇ ಇದೆ. ಅಲ್ಲೊಂದು 28 ಅಡಿಯ ಟ್ರೇಲರ್. ಇಂಥವು ಬಹುಪಾಲು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ತಯಾರಾಗುತ್ತವೆ. ಗುಂಡಿ ಒತ್ತಿದರೆ ಒಂದು ಪಕ್ಕದ ಗೋಡೆಯೇ ಸೋಫಾ ಸಮೇತ ಹೊರಕ್ಕೆ ಸರಿದು ಒಳಗೆ ನಡುಮನೆಯಷ್ಟು ಜಾಗವಾಗುತ್ತದೆ. ಮಕ್ಕಳಿಗೆ ಒಂದರ ಮೇಲೊಂದು ಹಾಸಿಗೆ, ಮೂರು ಬರ್ನರ್ ಒಲೆ, ಮೊಣಕೈ ಚಾಚುವಷ್ಟು ಅಡುಗೆ ಕಟ್ಟೆ. ರಾಯರ ಹೆಂಡತಿ ಆ ಕಟ್ಟೆಯ ಮುಂದೆ ನಿಂತು ಕೈಯಾಡಿಸಿ, “ರೀ, ಇಲ್ಲಿ ನಿಂತ್ಕೊಂಡು ಆರಾಮಾಗಿ ದೋಸೆ ಹೊಯ್ಯಬಹುದು” ಅಂದರು. ಅಲ್ಲಿಗೆ ಟ್ರೇಲರ್ ಇತ್ಯರ್ಥವಾಯಿತು. ಇನ್ನುಳಿದದ್ದು ಅದನ್ನು ಎಳೆಯುವವರು ಯಾರು ಎಂಬುದು.

ಟ್ರೇಲರ್ ಮಾರುವವನು ಹೇಳಿದ: “ಯಾವ ಹಾಫ್ ಟನ್ ಟ್ರಕ್ಕಾದರೂ ಎಳೆಯುತ್ತೆ ಸರ್.” ಟ್ರಕ್ ಮಾರುವವನು ಅವನಿಗಿಂತ ಉದಾರಿ. “ಇದು 11,000 ಪೌಂಡ್ ಎಳೆಯುತ್ತೆ. ನಿಮ್ಮ ಟ್ರೇಲರ್ ತುಂಬಿದರೂ 8,000. ಇನ್ನೂ 3,000 ಮಿಕ್ಕಿತಲ್ಲ!” ಪಕ್ಕದ ಶೋರೂಮಿನವನು ಬಾಹ್ಯಾಕಾಶದ ತನಕ ಹೋದ. 2012ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯನ್ನು ಮ್ಯೂಸಿಯಮ್ಮಿಗೆ ಸಾಗಿಸುವಾಗ, ಹೆದ್ದಾರಿಯ ಮೇಲಿನ ಸೇತುವೆಯೊಂದನ್ನು ದಾಟಿಸಿದ್ದು ಒಂದು ಟೊಯೋಟ ಟಂಡ್ರಾ ಪಿಕಪ್ಪು. ಇದು ನಿಜ. ರಾಯರು ಗಂಭೀರವಾಗಿ ಕೇಳಿದ್ದು ಒಂದೇ ಪ್ರಶ್ನೆ: “ಆವತ್ತು ಆ ಟ್ರಕ್ಕಿನ ಹಿಂದಿನ ಸೀಟಿನಲ್ಲಿ ಡ್ರೈವರನ ಅತ್ತೆ ಮಾವ ಕೂತಿದ್ದರಾ?”

ನಗಬೇಡಿ. ಇಡೀ ಶಾಸ್ತ್ರದ ಕೀಲಿ ಇರುವುದೇ ಆ ಪ್ರಶ್ನೆಯಲ್ಲಿ. ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ, ಅಂದರೆ ಪೇಲೋಡ್, ಬೇರೆ. ಟ್ರೇಲರಿನ ಮೂತಿ ಟ್ರಕ್ಕಿನ ಹಿಂಬದಿಯ ಹಿಚ್ಚಿನ ಮೇಲೆ ಕೂರುತ್ತದೆ. ಕೂತ ಮೇಲೆ ಅದರ ತೂಕದ ಶೇಕಡಾ 10ರಿಂದ 15ರಷ್ಟನ್ನು ಟ್ರಕ್ಕು ಬೆನ್ನ ಮೇಲೆ ಹೊರಲೇಬೇಕು. ಈ ಟಂಗ್ ವೇಟು 10ಕ್ಕಿಂತ ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸಲು ತೊಡಗುತ್ತದೆ, ಕೊನೆಗೆ ಟ್ರಕ್ಕನ್ನೂ ಅಲ್ಲಾಡಿಸುತ್ತದೆ. ರಾಯರು ಆವತ್ತು ಶೋರೂಮಿನಲ್ಲೇ ಕ್ಯಾಶ್ ರಸೀದಿಯ ಬೆನ್ನ ಮೇಲೆ ಲೆಕ್ಕ ಹಾಕಿದರು. 8,000ಕ್ಕೆ ಶೇಕಡಾ 13 ಅಂದರೆ 1,040. ಚೀಟಿಯಲ್ಲಿದ್ದ ಪೇಲೋಡ್ 1,480. ಉಳಿದದ್ದು 440. ಹಿಚ್ಚಿನ ಕಬ್ಬಿಣವೇ 100. ಉಳಿದದ್ದು 340. ತಾವು 185, ಹೆಂಡತಿ 150. ಉಳಿದದ್ದು 5 ಪೌಂಡ್.

ಐದು ಪೌಂಡಿನಲ್ಲಿ ಅತ್ತೆಯವರ ಕೈಚೀಲ ಬರಬಹುದು, ಅತ್ತೆ ಬರುವಂತಿಲ್ಲ.

ಸೇಲ್ಸ್‌ಮನ್ ಆ ರಸೀದಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನ ವೃತ್ತಿಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ರಾಯರ ಹುಚ್ಚನ್ನು ನಾನು ಎಷ್ಟೇ ಆಡಿಕೊಂಡರೂ ಈ ಲೆಕ್ಕದಲ್ಲಿ ಅವರೇ ಸರಿ, ಸೇಲ್ಸ್‌ಮನ್ ತಪ್ಪು. ಎಳೆಯುವ ಅಂಕಿಯನ್ನು ಜಾಹೀರಾತಿನಲ್ಲಿ ಆಳೆತ್ತರ ಬರೆಯುತ್ತಾರೆ. ಹೊರುವ ಅಂಕಿ ಬಾಗಿಲು ತೆಗೆದು ಬಗ್ಗಿದವನಿಗಷ್ಟೇ ಕಾಣುತ್ತದೆ.

ಅಲ್ಲಿಂದ ಶುರುವಾಯಿತು ಸಾಲಾವಳಿ ನೋಡುವ ಕೆಲಸ. ವಧು ಆಗಲೇ ನಿಶ್ಚಯವಾಗಿದ್ದಾಳೆ, ವರನ ಜಾತಕಗಳು ಮಾತ್ರ ಒಂದೂ ಕೂಡುತ್ತಿಲ್ಲ. ಒಂದೇ ಮಾಡೆಲ್ಲಿನ ಮೂವತ್ತು ಟ್ರಕ್ಕುಗಳು ಸಾಲಾಗಿ ನಿಂತಿದ್ದರೂ ಮೂವತ್ತು ಚೀಟಿಯಲ್ಲೂ ಬೇರೆ ಬೇರೆ ಅಂಕಿ, ಏಕೆಂದರೆ ಪ್ರತಿಯೊಂದಕ್ಕೂ ಹಾಕಿಸಿದ ಅಲಂಕಾರ ಬೇರೆ. ಸೂರ್ಯನನ್ನು ತೋರಿಸುವ ಗಾಜಿನ ಸೂರು, ಬಾಗಿಲು ತೆರೆದೊಡನೆ ತಾನೇ ಇಳಿಯುವ ಮೆಟ್ಟಿಲು, ಬೆನ್ನು ಒತ್ತುವ ಸೀಟು, ಎಲ್ಲದರ ತೂಕವೂ ಪೇಲೋಡಿನಿಂದಲೇ ಕಳೆಯುತ್ತದೆ. ಹಾಗಾಗಿ ಹೆಚ್ಚು ದುಡ್ಡು ಕೊಟ್ಟಷ್ಟೂ ಟ್ರಕ್ಕು ಕಡಿಮೆ ಹೊರುತ್ತದೆ. ರಾಯರು ಟೆಸ್ಟ್ ಡ್ರೈವ್ ಕೇಳುವವರಲ್ಲ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಬಾಗಿಲು ತೆಗೆಸಿ, ಓದಿ, ಮುಚ್ಚಿಸಿ, ಥ್ಯಾಂಕ್ಸ್ ಹೇಳಿ ಹೊರಡುತ್ತಾರೆ. ಮೊದಲ ಸಲ ಕಾಫಿ ಕೊಟ್ಟ ಸೇಲ್ಸ್‌ಮನ್ ಮೂರನೆಯ ಸಲ ಬೀಗದ ಕೈ ಗೊಂಚಲನ್ನೇ ಕೈಗಿಟ್ಟು ಒಳಗೆ ಹೋಗಿ ಕೂತ.

ಮನೆಯಲ್ಲೂ ತೂಕದ ಪರ್ವ. ಬಚ್ಚಲುಮನೆಯ ತೂಕದ ಯಂತ್ರ ನಡುಮನೆಗೆ ಬಂತು. ಸೋನಾ ಮಸೂರಿ ಚೀಲ 20 ಪೌಂಡ್, ಕುಕ್ಕರು, ಇಡ್ಲಿ ಪಾತ್ರೆ, ದೋಸೆ ಹಂಚು, ಮಗಳ ಸೈಕಲ್ಲು, ಎಲ್ಲವೂ ಒಂದೊಂದಾಗಿ ಹತ್ತಿಳಿದವು. ಗ್ರೈಂಡರ್ ವಿಷಯದಲ್ಲಿ ದೊಡ್ಡ ಜಟಾಪಟಿ. ಅದನ್ನು ಟ್ರೇಲರಿನ ಹಿಂಭಾಗದಲ್ಲಿಟ್ಟರೆ ಮೂತಿ ಹಗುರಾಗುತ್ತದೆ, ಮುಂದಿಟ್ಟರೆ ಪೇಲೋಡ್ ತಿನ್ನುತ್ತದೆ. “ಚಕ್ರದ ನೆತ್ತಿಯ ಮೇಲೇ ಇಡಬೇಕು” ಎಂದು ರಾಯರು. ಚಕ್ರದ ನೆತ್ತಿಯ ಮೇಲಿರುವುದು ಹಾಸಿಗೆ ಎಂದು ಹೆಂಡತಿ. ಕರಪತ್ರದಲ್ಲಿ ಅಚ್ಚಾದ ತೂಕ ಖಾಲಿ ಟ್ರೇಲರಿನದು, ಅದರಲ್ಲಿ ಬ್ಯಾಟರಿ, ಗ್ಯಾಸು, ನೀರು ಯಾವುದೂ ಸೇರಿಲ್ಲವೆಂದು ಒಂದು ನಡುರಾತ್ರಿ ಗೊತ್ತಾಯಿತು. ಒಂದು ಗ್ಯಾಲನ್ ನೀರು 8 ಪೌಂಡಿಗೂ ಮೇಲೆ. 40 ಗ್ಯಾಲನ್ ತೊಟ್ಟಿ ತುಂಬಿಸಿದರೆ 330 ಪೌಂಡು ದಾಟುತ್ತದೆ. ರಾಯರು ಹೆಂಡತಿಯನ್ನು ಎಬ್ಬಿಸಿ ಈ ಸುದ್ದಿ ತಿಳಿಸಿದರು. ಅವರು ಏನೆಂದರೆಂಬುದು ಇಲ್ಲಿ ಅಪ್ರಸ್ತುತ.

ಅಷ್ಟರಲ್ಲಿ ಅತ್ತೆ ಮಾವ ಬಂದಿಳಿದರು. ಅತ್ತೆಯವರ ತೂಕ ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಮಾವನವರನ್ನು ಮಾತ್ರ ಕಾಫಿ ಕೊಟ್ಟು ಮೆಲ್ಲಗೆ ಯಂತ್ರ ಹತ್ತಿಸಿದರು. ಅವರು ಇಳಿದು, ಚಪ್ಪಲಿ ಮೆಟ್ಟಿಕೊಂಡು, “ಅಳಿಯಂದಿರೇ, ಮೈಸೂರಿಂದ ಇಲ್ಲೀತನಕ ಬಂದೆ, ವಿಮಾನದವನು ಕೂಡ ನನ್ನ ಪೆಟ್ಟಿಗೆ ತೂಗಿದ, ನನ್ನ ತೂಗಲಿಲ್ಲ” ಅಂದರು. ಅವರ ಆರು ತಿಂಗಳ ವಾಸ ಮುಗಿಯಿತು, ವಾಪಸ್ಸು ಹೋದರು. ಟ್ರಕ್ಕು ಇನ್ನೂ ಬಂದಿರಲಿಲ್ಲ.

ಈ ಅವಧಿಯಲ್ಲಿ ರಾಯರ ಜ್ಞಾನ ಮಾತ್ರ ಬೆಳೆಯಿತು. ಕೂಟದ ಊಟಕ್ಕೆ ಅವರ ಪಕ್ಕದ ಎಲೆ ಸಿಕ್ಕವನು ಸಾರಿನ ಹೊತ್ತಿಗೆ ಆ್ಯರಿಜೋನಾದ ಡೇವಿಸ್ ಡ್ಯಾಮ್ ಏರಿನ ಬುಡದಲ್ಲಿರುತ್ತಾನೆ, ಮಜ್ಜಿಗೆಗೆ ನೆತ್ತಿಯಲ್ಲಿ. ಬುಲ್‌ಹೆಡ್ ಸಿಟಿಯಿಂದ ಮೇಲೇರುವ ಆ ರಸ್ತೆ 11 ಮೈಲಿಗೂ ಹೆಚ್ಚು. ಹಿಂದೆ ಕಂಪನಿಗಳು ಎಳೆಯುವ ತೂಕವನ್ನು ತಮತಮಗೆ ತೋಚಿದಂತೆ ಬರೆದುಕೊಳ್ಳುತ್ತಿದ್ದವು. ಈಗ ಎಸ್‌ಎಇ ಸಂಸ್ಥೆ ಗೊತ್ತುಮಾಡಿದ ಜೆ2807 ನಿಯಮದ ಪ್ರಕಾರ 100 ಡಿಗ್ರಿ ಫ್ಯಾರನ್‌ಹೀಟ್ ಸೆಕೆಯಲ್ಲಿ, ಎಸಿ ಪೂರ್ತಿ ಹಾಕಿ, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಈ ಏರನ್ನು ಹತ್ತಿ ತೋರಿಸಬೇಕು. “ಆದರೆ ಒಂದು ಮೋಸ ಇದೆ” ಎಂದು ರಾಯರು ದನಿ ತಗ್ಗಿಸುತ್ತಾರೆ. “ಆ ಪರೀಕ್ಷೆಯಲ್ಲಿ ಟ್ರಕ್ಕಿನೊಳಗೆ ಇಬ್ಬರೇ. ಒಬ್ಬೊಬ್ಬರೂ 150 ಪೌಂಡು. ನಮ್ಮಲ್ಲಿ ಯಾರಿದ್ದಾರೆ ಸ್ವಾಮಿ 150?” ಎಂದು ಪಂಕ್ತಿಯನ್ನು ಒಮ್ಮೆ ಆ ತುದಿಯಿಂದ ಈ ತುದಿಗೆ ನೋಡುತ್ತಾರೆ. ಎರಡನೇ ಹೋಳಿಗೆಗೆ ಕೈ ಚಾಚಿದವರು ಕೈ ಹಿಂದೆಗೆದುಕೊಳ್ಳುತ್ತಾರೆ.

ಅವರ ಇನ್ನೊಂದು ಮೆಚ್ಚಿನ ಕಥೆ ಕೋಳಿಯದು. ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಹಾಕಿದರೆಂದು ಮುನಿದು, ಅಮೆರಿಕದವರು 1964ರಿಂದ ಹೊರದೇಶದ ಸಣ್ಣ ಟ್ರಕ್ಕುಗಳ ಮೇಲೆ ಶೇಕಡಾ 25ರ ಸುಂಕ ಹೇರಿದರು. ಕೋಳಿ ಜಗಳ ಜನಕ್ಕೆ ಮರೆತುಹೋದರೂ ಟ್ರಕ್ಕಿನ ಸುಂಕ ದಶಕಗಟ್ಟಲೆ ಉಳಿಯಿತು. “ಏಳು ತಲೆಮಾರಿಂದ ಮೊಟ್ಟೆ ಮುಟ್ಟದ ವಂಶ ನಮ್ಮದು. ನೋಡಿ, ಕೋಳಿ ದೆಸೆಯಿಂದ ಟ್ರಕ್ಕಿಗೆ ಇಷ್ಟು ದುಡ್ಡು ಸುರೀಬೇಕು!” ಇದನ್ನು ಅವರು ಪಾಯಸದ ಹೊತ್ತಿಗೆ ಹೇಳುತ್ತಾರೆ.

ಕಡೆಗೆ ತೊಡಕು ಬಿಡಿಸಿಕೊಂಡದ್ದು ಹೀಗೆ. ಹಾಫ್ ಟನ್ ಸಾಲದು, ಮುಕ್ಕಾಲು ಟನ್ನಿನ ದರ್ಜೆಗೆ ಹೋಗಬೇಕು, ಅಂದರೆ ಫೋರ್ಡಿನ ಮಾಡೆಲ್ ಅಂಕಿಯಲ್ಲಿ 150 ಬಿಟ್ಟು 250. ಫೀನಿಕ್ಸಿನ ಪರಿಚಯದವರು ಡೀಸೆಲ್ಲೇ ತಗೊಳ್ಳಿ, ಕಮಿನ್ಸ್ ಇಂಜಿನ್ನಿನ ಸದ್ದು ಕೇಳಿದರೆ ಸಾಕು ಎಂದು ಗಂಟೆಗಟ್ಟಲೆ ಫೋನಿನಲ್ಲಿ ಬೋಧಿಸಿದರು. ಆದರೆ ಡೀಸೆಲ್ಲಿಗೆ 10,000 ಡಾಲರಿನಷ್ಟು ಹೆಚ್ಚು. ಆ ಇಂಜಿನ್ನೇ 1,000 ಪೌಂಡಿಗೂ ಮೇಲೆ ತೂಗುತ್ತದೆ, ಪೆಟ್ರೋಲ್ ಇಂಜಿನ್ನಿಗಿಂತ ಹೆಚ್ಚಾದಷ್ಟು ತೂಕವೂ ಪೇಲೋಡಿನಿಂದಲೇ ಕಳೆಯುತ್ತದೆ. ಮಗ ಎಲೆಕ್ಟ್ರಿಕ್ ಟ್ರಕ್ ಅಂದ. ಟ್ರೇಲರ್ ಕಟ್ಟಿದರೆ ಅದು ಓಡುವ ದೂರ ಅರ್ಧಕ್ಕಿಳಿಯುತ್ತದೆ ಎಂದು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದರು. ಪೆಟ್ರೋಲ್ ಇಂಜಿನ್ನಿನ, ಬಟ್ಟೆ ಸೀಟಿನ, ಯಾವ ಅಲಂಕಾರವೂ ಇಲ್ಲದ, ಮುಂದೆ ಮೂವರು ಹಿಂದೆ ಮೂವರು ಕೂರಬಹುದಾದ ಒಂದು ಬೋಳು 250 ಸಿಕ್ಕಿತು. ಚೀಟಿಯಲ್ಲಿ 3,050! ರಾಯರು ಆ ಚೀಟಿಗೆ ಕುಂಕುಮ ಹಚ್ಚಿದರೆಂದು ಹೆಂಡತಿ ಹೇಳುತ್ತಾರೆ, ನಾನು ಕಂಡಿಲ್ಲ.

ತಂದ ಮೇಲೆ ಕಂಡದ್ದು: ಗ್ಯಾರೇಜು 20 ಅಡಿ, ಟ್ರಕ್ಕು ಅದಕ್ಕಿಂತ ಉದ್ದ. ಬಾಗಿಲು ಮುಚ್ಚದು. ಮನೆಯ ಮುಂದೆ ಟ್ರೇಲರ್ ನಿಲ್ಲಿಸಿದ ಮೂರನೇ ದಿನಕ್ಕೆ ಬಡಾವಣೆಯ ಸಂಘದಿಂದ ಕಾಗದ, ಇಲ್ಲಿ ನಿಲ್ಲಿಸುವಂತಿಲ್ಲ. ಈಗ ಅದು ಊರಾಚೆಯ ಬಯಲಲ್ಲಿ ತಿಂಗಳ ಬಾಡಿಗೆಗಿದೆ. ಎಳೆದುಕೊಂಡು ಹೊರಟರೆ ಗ್ಯಾಲನ್ನಿಗೆ ಹತ್ತು ಮೈಲಿ ಸಿಕ್ಕರೆ ಪುಣ್ಯ. ಇವಕ್ಕೆಲ್ಲ ರಾಯರು ತಲೆ ಕೆಡಿಸಿಕೊಂಡವರಲ್ಲ. ಅವು ಪೇಲೋಡಿನ ಲೆಕ್ಕಕ್ಕೆ ಬರುವುದಿಲ್ಲ.

ಮರುವರ್ಷ ಅತ್ತೆ ಮಾವ ಮತ್ತೆ ಬಂದರು. ಎಲ್ಲರೂ ಹೊರಟರು. ಕ್ಯಾಂಪಿಗೆ ಹೋಗುವ ಮೊದಲು ರಾಯರು ಟ್ರಕ್ಕನ್ನು ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿಗೆ ತಿರುಗಿಸಿದರು. ಅಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಡ್ಜ್ ಇರುತ್ತದೆ. ಮುಂದಿನ ಚಕ್ರ, ಹಿಂದಿನ ಚಕ್ರ, ಟ್ರೇಲರಿನ ಚಕ್ರ, ಮೂರನ್ನೂ ಬೇರೆ ಬೇರೆ ತೂಗಿ ಚೀಟಿ ಕೊಡುತ್ತಾರೆ. ಹದಿನೆಂಟು ಚಕ್ರದ ಲಾರಿಗಳ ನಡುವೆ ಸರದಿ ನಿಂತು ಹಲಗೆ ಹತ್ತಿದರು. ಒಳಗಿನವರನ್ನು ಕರೆಯುವ ಗುಂಡಿ ಇರುವುದು ಲಾರಿ ಡ್ರೈವರಿನ ಕಿಟಕಿಯ ಎತ್ತರಕ್ಕೆ. ಇಳಿದು ಒತ್ತೋಣವೆಂದರೆ ರಾಯರ 185 ಪೌಂಡು ಲೆಕ್ಕದಿಂದ ಇಳಿದುಹೋಗುತ್ತದೆ. ಮಾವನವರ ಕೊಡೆ ಇಸಿದುಕೊಂಡು ಕಿಟಕಿಯಿಂದ ಕೈ ಚಾಚಿ ಅದರ ತುದಿಯಿಂದ ಒತ್ತಿದರು. ಸ್ಪೀಕರಿನಲ್ಲಿ ಹೆಣ್ಣುದನಿ, ಯಾವ ಕಂಪನಿ ಅಂತ ಕೇಳಿತು. “ಫ್ಯಾಮಿಲಿ” ಅಂದರು ರಾಯರು.

ಅಷ್ಟರಲ್ಲಿ ಅತ್ತೆಯವರು ಬಾಗಿಲಿಗೆ ಕೈ ಹಾಕಿ, “ಒಂದ್ನಿಮಿಷ ಇಳಿದು ಕಾಲು ಚಾಚ್ಕೊಂಡು ಬರ್ತೀನಿ” ಅಂದರು.

“ಅತ್ತೆ, ಇಳೀಬೇಡಿ! ಯಾರೂ ಅಲ್ಲಾಡಬೇಡಿ!”

ಆರು ಜನ ಉಸಿರು ಬಿಗಿಹಿಡಿದು ಕೂತರು. ಹಿಂದಿನ ಲಾರಿಯವನು ಹಾರನ್ ಹೊಡೆದ. ಚೀಟಿ ಬಂತು. ರಾಯರು ಅಲ್ಲೇ ಪಕ್ಕಕ್ಕೆ ನಿಲ್ಲಿಸಿ, ಎರಡು ಸಲ ಕೂಡಿ, ಎರಡು ಸಲ ಕಳೆದು, ಅತ್ತೆ ಮಾವ ಗ್ರೈಂಡರ್ ಸಮೇತ ಎಲ್ಲವೂ ಸೇರಿಯೂ ಸುಮಾರು 900 ಪೌಂಡ್ ಪೇಲೋಡ್ ಮಿಕ್ಕಿದೆಯೆಂದು ಕಂಡುಹಿಡಿದರು. ಬೇರೆಯವರಾಗಿದ್ದರೆ ಕುಣಿಯುತ್ತಿದ್ದರು. ರಾಯರ ಮುಖ ಸಪ್ಪಗಾಯಿತು. ಕ್ಯಾಂಪಿನಲ್ಲಿ ಎರಡು ದಿನವೂ ಅದೇ ಯೋಚನೆ. ಹೆಂಡತಿ ಆಸೆಪಟ್ಟಂತೆ ದೋಸೆ ಹೊಯ್ದರು, ಮಾವ ಹೊಳೆದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು, ಮಕ್ಕಳು ನೀರಿಗಿಳಿದರು. ರಾಯರು ಮಾತ್ರ ಪಕ್ಕದ ಸೈಟಿನ 34 ಅಡಿ ಟ್ರೇಲರನ್ನು ಸುತ್ತು ಹಾಕಿ ಬಂದು ಹೆಂಡತಿಯ ಕಿವಿಯಲ್ಲಿ, “900 ಪೌಂಡು ದಂಡವಾಗ್ತಿದೆ ಕಣೇ” ಅಂದರು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. 28 ಅಡಿಯ ಟ್ರೇಲರೊಂದು ಮಾರಾಟಕ್ಕಿದೆ. ಮೂರು ಬರ್ನರ್ ಒಲೆ, ಬಂಕ್ ಹಾಸಿಗೆ, ಸರಿಯುವ ಗೋಡೆ, ಎಲ್ಲವೂ ಸುಸ್ಥಿತಿಯಲ್ಲಿವೆ; ಒಗ್ಗರಣೆ ವಾಸನೆ ಸ್ವಲ್ಪ ಇದೆ. ಬೇಕಾದವರು ಮನೆಮಂದಿಯೆಲ್ಲರ ತೂಕ ಬರೆದುಕೊಂಡು ಬನ್ನಿ. ಅದಿಲ್ಲದೆ ರಾಯರು ಬೆಲೆ ಹೇಳುವುದಿಲ್ಲ.