ನೀಟಪ್ಪನವರು

ನಮ್ಮ ಬಡಾವಣೆಯಲ್ಲಿ ಅವರನ್ನು ನಿಜವಾದ ಹೆಸರಿನಿಂದ ಕರೆಯುವವನು ಈಗ ಕರೆಂಟ್ ಬಿಲ್ ಕೊಡುವ ಹುಡುಗನೊಬ್ಬನೇ. ಉಳಿದವರಿಗೆಲ್ಲ ಅವರು ನೀಟಪ್ಪನವರು. ಸರ್ಕಾರಿ ಕಚೇರಿಯೊಂದರಲ್ಲಿ ಎಫ್‌ಡಿಎ. ಮಗಳು ಸೈನ್ಸ್ ತೆಗೆದುಕೊಂಡ ದಿನದಿಂದ ಕಚೇರಿ ಅವರ ಉಪವೃತ್ತಿ. ಇಂಥವರು ದಾವಣಗೆರೆಗೊಬ್ಬರೇ ಎಂದು ಯಾರೂ ತಿಳಿಯಬೇಡಿ; ಕಲಬುರಗಿಯಿಂದ ಮಂಗಳೂರಿನವರೆಗೆ ಬೀದಿಗೊಬ್ಬರು ಸಿಗುತ್ತಾರೆ. ನಮ್ಮ ಬೀದಿಗೆ ಸಿಕ್ಕವರು ಇವರು, ಅಷ್ಟೆ.

ಅವರೊಡನೆ ಲೋಕಾಭಿರಾಮವಾಗಿ ಮಾತಾಡುವುದು ಕಷ್ಟ. ಸಂತೆಯಲ್ಲಿ ಟೊಮೆಟೊ ಕೆ.ಜಿ.ಗೆ 40 ಅಂದರೆ, "ಹೋದ ವರ್ಷ ಎಷ್ಟಕ್ಕೆ ಕ್ಲೋಸ್ ಆಗಿತ್ತು?" ಅನ್ನುತ್ತಾರೆ. ಯಾರದೋ ಮದುವೆ ನಿಶ್ಚಯವಾಯಿತು ಅಂದರೆ, "ಫಸ್ಟ್ ರೌಂಡಲ್ಲೇ ಸಿಕ್ತಾ?" ವೈದ್ಯಕೀಯ ಸೀಟಿನ ನೀಟ್ ಪರೀಕ್ಷೆ ಅಂದರೆ 180 ಪ್ರಶ್ನೆ, 180 ನಿಮಿಷ, 720 ಅಂಕ; ಸರಿಗೆ ನಾಲ್ಕು, ತಪ್ಪಿಗೆ ಮೈನಸ್ ಒಂದು. ಇದಿಷ್ಟನ್ನು ಹಾಲಿನವನಿಗೂ ಒಪ್ಪಿಸಿದ್ದಾರೆ. ಗೊತ್ತಿಲ್ಲದ ಕಡೆ ಬಾಯಿ ಮುಚ್ಚಿಕೊಂಡಿರುವುದಕ್ಕೆ ಬೆಲೆ ಕೊಡುವ ಪರೀಕ್ಷೆ ಇದು. ಉಪದೇಶಕ್ಕೂ ಈ ಮೈನಸ್ ಪದ್ಧತಿ ಇದ್ದಿದ್ದರೆ ನೀಟಪ್ಪನವರು ಈ ಹೊತ್ತಿಗೆ ಯಾವ ಪಾತಾಳದಲ್ಲಿರುತ್ತಿದ್ದರೋ.

ಮಗಳು ಫಸ್ಟ್ ಪಿಯುಸಿ ಮುಗಿಸಿದ್ದಾಗಲೇ ಅವರ ತಾಲೀಮು ಶುರುವಾಗಿತ್ತು. 2024ರ ಜೂನ್ 4ರಂದು ದೇಶವೆಲ್ಲ ಲೋಕಸಭೆಯ ಮತ ಎಣಿಕೆ ನೋಡುತ್ತಿದ್ದರೆ, ಇವರು ಹೇಳಿದ ದಿನಕ್ಕಿಂತ ಮೊದಲೇ ಬಂದುಬಿಟ್ಟ ನೀಟ್ ಫಲಿತಾಂಶ ನೋಡುತ್ತಿದ್ದರು. ಆ ವರ್ಷ 67 ಮಂದಿಗೆ 720ಕ್ಕೆ 720! ನನ್ನ ಮನೆಗೆ ಓಡಿಬಂದು, "ಏನ್ರೀ ಇದು, ನೂರಕ್ಕೆ ನೂರು ತೆಗೆದೋರೇ ಅರವತ್ತೇಳು ಜನ ಇದ್ರೆ ನಮ್ಮುಡುಗಿ ಎಲ್ಲಿ ನಿಲ್ಬೇಕು?" ಎಂದು ಕುಸಿದು ಕೂತರು. ಆಮೇಲೆ ಕೃಪಾಂಕದ ಗಲಾಟೆ, ಕೋರ್ಟು, ಪರಿಷ್ಕೃತ ಪಟ್ಟಿ. ಆ ಸಂಖ್ಯೆ 17ಕ್ಕೆ ಇಳಿದಾಗ ಐವತ್ತು ಜನ ಪ್ರತಿಸ್ಪರ್ಧಿಗಳನ್ನು ತಾವೇ ಕೆಳಗಿಳಿಸಿದಷ್ಟು ಸಮಾಧಾನಪಟ್ಟರು. ಮಗಳು ಆ ಪರೀಕ್ಷೆ ಬರೆದೇ ಇರಲಿಲ್ಲ ಎಂಬುದನ್ನು ಯಾರೂ ನೆನಪಿಸಲಿಲ್ಲ.

ಪ್ರೋತ್ಸಾಹ ಅಂದರೆ ಅವರ ಪ್ರಕಾರ ಬೆಳಗಿನ ನಾಲ್ಕೂವರೆಗೆ ಶುರುವಾಗುವ ವಸ್ತು. ಆ ಹೊತ್ತಿಗೆ ಮಗಳನ್ನು ಎಬ್ಬಿಸಿ, ಟೀ ಕೊಟ್ಟು, ಮೊಬೈಲಿನಲ್ಲಿ ಯಾರೋ ಕೋಟು ಹಾಕಿಕೊಂಡವರು ಕೂಗಾಡುವ ವಿಡಿಯೊ ತೋರಿಸಿ, ತಾವು ಹೋಗಿ ಮಲಗುತ್ತಾರೆ. ಮನೆಯ ಕೇಬಲ್ ತೆಗೆಸಿದ್ದಾರೆ. ಇದರ ಪೂರ್ತಿ ಹೊಡೆತ ಬಿದ್ದದ್ದು ಅವರ ತಾಯಿಯ ಧಾರಾವಾಹಿಗೆ. ಕ್ರಿಕೆಟ್ಟನ್ನು ಮಾತ್ರ ನೀಟಪ್ಪನವರು ಬಚ್ಚಲುಮನೆಯಲ್ಲಿ ಸದ್ದಿಲ್ಲದೆ ನೋಡುತ್ತಾರೆ. ಯಾರಾದರೂ ವಿಕೆಟ್ ಒಪ್ಪಿಸಿದರೆ ಒಳಗಿಂದ ತಂಬಿಗೆ ಬಿದ್ದ ಸದ್ದು ಬರುತ್ತದೆ.

"ಟೆನ್ಶನ್ ಮಾಡ್ಕೋಬೇಡಮ್ಮ" ಎಂಬುದು ದಿನಕ್ಕೆ ಹತ್ತು ಸಲವಾದರೂ ಬರುವ ಮಾತು. ಒಮ್ಮೆ ನಾನು ಅಲ್ಲೇ ಇದ್ದೆ. ಹುಡುಗಿ ಎಳೆಯುತ್ತಿದ್ದ ಕಿರಣದ ಚಿತ್ರ ಅರ್ಧಕ್ಕೆ ನಿಲ್ಲಿಸಿ, ಪೆನ್ಸಿಲ್ ಇಟ್ಟು, ತಲೆ ಎತ್ತಿ, "ಇಲ್ಲ ಅಪ್ಪಾಜಿ, ಮಾಡ್ಕೊಳ್ಳಲ್ಲ" ಎಂದು ಅವರ ಮುಖದಲ್ಲಿ ನಿರಾಳ ಕಾಣುವವರೆಗೆ ನೋಡಿ, ಮತ್ತೆ ಪೆನ್ಸಿಲ್ ಎತ್ತಿಕೊಂಡಳು. ಕೋಚಿಂಗಿನವರು ಫಿಸಿಕ್ಸ್ ಕಲಿಸಿರಬಹುದು. ಇದನ್ನು ಅವಳೇ ಕಲಿತದ್ದು.

ಹುಡುಗಿಯ ತಯಾರಿ ಸರಳ. ಪರೀಕ್ಷೆ ಮಧ್ಯಾಹ್ನ ಎರಡರಿಂದ ಐದು. ಮುದ್ದೆ ಉಂಡ ಮೈ ಮಲಗು ಅನ್ನುವ ಹೊತ್ತು. ಹಾಗಾಗಿ ಭಾನುವಾರದ ಮಾಕ್ ಟೆಸ್ಟನ್ನು ಅದೇ ಹೊತ್ತಿಗೆ, ಪರೀಕ್ಷೆಯ ದಿನ ಉಣ್ಣಬೇಕೆಂದಿದ್ದ ಅದೇ ಮೊಸರನ್ನ ಉಂಡು ಬರೆಯುತ್ತಿದ್ದಳು. ಮೊದಲು ಬಯಾಲಜಿಯ 90, ಆಮೇಲೆ ಕೆಮಿಸ್ಟ್ರಿ 45, ಕೊನೆಗೆ ಫಿಸಿಕ್ಸ್ 45. ಹಟ ಹಿಡಿದ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಮುಂದೆ. ರಾತ್ರಿ ಹತ್ತೂವರೆಗೆ ನಿದ್ದೆ. ಬಾಗಿಲ ಹೊರಗೆ ಮೂರು ಗಂಟೆ ಶತಪಥ ತಿರುಗುತ್ತಿದ್ದವರ ಬಿ.ಪಿ. ಮಾತ್ರ ಪ್ರತಿ ಭಾನುವಾರ ಏರುತ್ತಿತ್ತು. "ಉಪ್ಪು ಕಡಿಮೆ ಮಾಡಿ, ಮಾಕ್ ಟೆಸ್ಟೂ ಕಡಿಮೆ ಮಾಡಿ" ಎಂದು ಡಾಕ್ಟರು ಹೇಳಿದರು. ಉಪ್ಪು ಕಡಿಮೆ ಮಾಡಿದರು.

ಪರೀಕ್ಷೆಗೆ ಎರಡು ತಿಂಗಳಿರುವಾಗ ಹುಡುಗಿ ಒಂದು ಉಪಾಯ ಕಂಡುಕೊಂಡಳು. "ಅಪ್ಪಾಜಿ, ಸ್ಟಡಿ ಸರ್ಟಿಫಿಕೇಟು... ಸ್ಯಾಟ್ಸ್ ನಂಬರಲ್ಲಿ ಎಲ್ಲಾ ಇರುತ್ತೆ, ಆದ್ರೂ ಬಿಇಒ ಸಹಿ ಇರೋ ಕಾಗದ ಕೈಯಲ್ಲಿದ್ರೆ ಒಳ್ಳೇದಲ್ವಾ?" ಅಂದಳು. ನೀಟಪ್ಪನವರು ಫೈಲು ಹಿಡಿದು ಹೊರಟರು. ಬಿಇಒ ಸಾಹೇಬರು ಮೀಟಿಂಗಿನಲ್ಲಿದ್ದರು. ಮರುದಿನವೂ ಇದ್ದರು. ಅಷ್ಟರಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಮುಗಿಯಿತು. ಜಾತಿ-ಆದಾಯ ಪತ್ರಕ್ಕೆ ನಾಡಕಚೇರಿಗೆ ಕಳಿಸಿದ ವಾರದಲ್ಲಿ ತಳಿಶಾಸ್ತ್ರ ಪೂರ್ತಿ ರಿವಿಜನ್ ಆಯಿತು. ರಾಜ್ಯದ ಆಡಳಿತ ಯಂತ್ರದ ನಿಧಾನಗತಿಯಿಂದ ಹೀಗೆ ಲಾಭ ಪಡೆದ ಪ್ರಜೆ ಇನ್ನೊಬ್ಬಳಿರಲಾರಳು.

ಈ ಓಡಾಟದಲ್ಲೇ ಅವರಿಗೆ ಗ್ರಾಮೀಣ ಮೀಸಲಾತಿಯ ದುಃಖ ಹತ್ತಿಕೊಂಡದ್ದು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15. ಇವರು ಜಗಳೂರು ಕಡೆಯ ಹಳ್ಳಿ ಬಿಟ್ಟು ಪೇಟೆಗೆ ಬಂದದ್ದೇ ಮಗಳು ಒಳ್ಳೆಯ ಸ್ಕೂಲಿನಲ್ಲಿ ಓದಲಿ ಎಂದು. "ಹಳ್ಳಿ ಬಿಡಬಾರದಿತ್ತು ಕಣ್ರೀ" ಎಂದು ಬೆಣ್ಣೆ ದೋಸೆಯ ಮುಂದೆ ಕೂತು ಎಷ್ಟು ಹೊತ್ತು ಕೊರಗಿದರೆಂದರೆ, ದೋಸೆ ಆರಿತು.

ಇನ್ನು ಪೆನ್ನಿನ ಕಥೆ. ಶೃಂಗೇರಿಗೆ ಹೋಗಿ ಶಾರದಾಂಬೆಯ ಸನ್ನಿಧಿಯಲ್ಲಿಟ್ಟು ತಂದ ಕಪ್ಪು ಬಾಲ್‌ಪೆನ್ನು ದೇವರ ಮನೆಯಲ್ಲಿ ಕಾಯುತ್ತಿತ್ತು, ನೀಟ್‌ಗೆಂದೇ. ಹಿಂದಿನ ರಾತ್ರಿ ಸೂಚನೆಗಳನ್ನು ಮತ್ತೊಮ್ಮೆ ಓದುವಾಗ ಗೊತ್ತಾಯಿತು: ಪೆನ್ನನ್ನು ಪರೀಕ್ಷಾ ಕೇಂದ್ರದಲ್ಲೇ ಕೊಡುತ್ತಾರೆ, ಹೊರಗಿನದಕ್ಕೆ ಪ್ರವೇಶವಿಲ್ಲ. ನೀಟಪ್ಪನವರ ಮುಖ ನೋಡಲಾಗಲಿಲ್ಲ. "ಸಿಇಟಿ ಅದ್ರಲ್ಲೇ ಬರ್ದಿದೀನಿ ಅಪ್ಪಾಜಿ, ಬಿಡಿ" ಅಂದಳು ಮಗಳು. ಏಪ್ರಿಲ್‌ನ ಸಿಇಟಿಯನ್ನು ಇವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಮೈನಸ್ ಅಂಕವೇ ಇಲ್ಲದ ಪರೀಕ್ಷೆ ಅವರ ದೃಷ್ಟಿಯಲ್ಲಿ ಒಂದು ಪರೀಕ್ಷೆಯೇ ಅಲ್ಲ.

2025ರ ಮೇ 4, ಭಾನುವಾರ. ಗೇಟು ಮುಚ್ಚುವುದು ಮಧ್ಯಾಹ್ನ ಒಂದೂವರೆಗೆ. ಇವರು ಅಲ್ಲಿ ಎಂಟಕ್ಕೇ ಇದ್ದರು. ಮಗಳಿಗೆ ಅರ್ಧ ತೋಳಿನ ಕುರ್ತಾ, ಚಪ್ಪಲಿ, ಪಾರದರ್ಶಕ ನೀರಿನ ಬಾಟಲಿ. ಕಿವಿಯ ಓಲೆ ಅಮ್ಮನ ಪರ್ಸಿನಲ್ಲಿ. ಹೊರಗೆ ಹುಣಸೆ ಮರದ ನೆರಳಲ್ಲಿ ಊರಿನ ನೀಟಪ್ಪಂದಿರೆಲ್ಲ ಸೇರಿದ್ದರು. "ನಮ್ಮುಡುಗ ಏನೂ ಓದಿಲ್ಲ" ಎಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವರನ್ನು ಉಳಿದವರೆಲ್ಲ ಭಯದಿಂದ ನೋಡುತ್ತಿದ್ದರು.

ಐದು ದಾಟಿದ ಮೇಲೆ ಹುಡುಗಿ ಬಂದಳು. 'ಹೇಗಾಯ್ತು' ಎಂದು ಕೇಳಲೇಬಾರದು ಅಂತ ಯಾವುದೋ ವಿಡಿಯೊದಲ್ಲಿ ಹೇಳಿದ್ದರು. ನೀಟಪ್ಪನವರು ಪ್ರಾಣ ಬಿಗಿಹಿಡಿದು, "ಒಳಗೆ ಫ್ಯಾನ್ ಇತ್ತಾ?" ಅಂದರು.

"ಇತ್ತು."

"ತಿರುಗ್ತಿತ್ತಾ?"

"ತಿರುಗ್ತಿತ್ತು."

"ಫಿಸಿಕ್ಸ್ ಬರೆಯೋವಾಗ್ಲೂ?"

ಆ ವರ್ಷ ಫಿಸಿಕ್ಸು ಎಲ್ಲರನ್ನೂ ಅಳಿಸಿತ್ತು. ಜೂನ್‌ನಲ್ಲಿ ಫಲಿತಾಂಶ ಬಂದಾಗ ದೇಶಕ್ಕೇ ಮೊದಲಿಗನಿಗೆ 686. "ಅವನಿಗೇ 34 ಹೋಗಿದೆ ನೋಡ್ರಿ!" ಎಂದು ನೀಟಪ್ಪನವರು ಅವನ ತಂದೆಗೋಸ್ಕರ ಮರುಗಿದರು. ಮಗಳ ಅಂಕಕ್ಕೆ ಸರ್ಕಾರಿ ಸೀಟು ಸಿಗುವ ಹಾಗಿರಲಿಲ್ಲ. ಖಾಸಗಿ ಸೀಟು ಬೇಕೆಂದರೆ ಸೈಟು ಮಾರಬೇಕು. ಅತ್ತ ಸಿಇಟಿಯಲ್ಲಿ ಪಶುವೈದ್ಯಕೀಯಕ್ಕೆ ಅವಳ ರ‍್ಯಾಂಕು ಬಲು ಚೆನ್ನಾಗಿತ್ತು. ನೋಡಿದಿರಾ ಪೆನ್ನಿನ ಮಹಿಮೆ, ಅದೊಂದು ನೀಟ್‌ಗೂ ಒಳಗೆ ಹೋಗಿದ್ದರೆ ಎಂಬಿಬಿಎಸ್ಸೇ ಆಗುತ್ತಿತ್ತು ಎಂಬ ವಾದವನ್ನು ಅವರು ಇಂದಿಗೂ ಬಿಟ್ಟಿಲ್ಲ.

ಶಿವಮೊಗ್ಗದ ವೆಟರ್ನರಿ ಕಾಲೇಜಿನಲ್ಲಿ ಸೀಟು ಹಂಚಿಕೆಯಾಯಿತು. ಒಪ್ಪಿ ಸೇರುವುದಾದರೆ ಚಾಯ್ಸ್ 1, ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯುವುದಾದರೆ 2, ಬೇಡವೆಂದು ಮುಂದಿನ ಸುತ್ತಿಗೆ ಹೋದರೆ 3, ಕೈಮುಗಿದು ಎದ್ದರೆ 4. ಲಾಂಗ್ ಟರ್ಮ್ ಕೋಚಿಂಗಿಗೆ ಹಾಕಿ ಇನ್ನೊಂದು ವರ್ಷ ನೋಡೋಣ ಎಂದು ಅಪ್ಪ 4ರ ಕಡೆ, ಅಜ್ಜಿ ಯಾವುದಾದರೂ ಆಗಲಿ ಕೇಬಲ್ ಹಾಕಿಸಿ ಎಂಬ ಕಡೆ. ಕೊನೆಯ ದಿನ ಮಗಳು, "ಅಪ್ಪಾಜಿ, ಮಾರ್ಕ್ಸ್ ಕಾರ್ಡಿಂದು ಮೂರು ಝೆರಾಕ್ಸ್ ಬೇಕಿತ್ತು, ಅಟೆಸ್ಟೇಶನ್ನೂ ಆಗ್ಬೇಕು" ಅಂದಳು. ಅವರು ಗೆಜೆಟೆಡ್ ಅಧಿಕಾರಿಯನ್ನು ಹುಡುಕಿ ವಾಪಸಾಗುವಷ್ಟರಲ್ಲಿ ಚಾಯ್ಸ್ 1 ಒತ್ತಿ, ಶುಲ್ಕವನ್ನೂ ಕಟ್ಟಿ ಮುಗಿದಿತ್ತು.

ಎರಡು ದಿನ ಮಾತಿಲ್ಲ. ಮೂರನೆಯ ದಿನ ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ನಿಂತು, ನಮ್ಮ ನಾಯಿಯ ವಯಸ್ಸು, ತೂಕ ಕೇಳಿ ಡೈರಿಯಲ್ಲಿ ಬರೆದುಕೊಂಡರು. ರೇಬೀಸ್ ಚುಚ್ಚುಮದ್ದು ಹಾಕಿಸಿ ಎಷ್ಟು ದಿನವಾಯಿತು ಎಂಬುದಕ್ಕೆ ನಾನು ತಡವರಿಸಿದಾಗ, "ನೀವ್ ಟೆನ್ಶನ್ ಮಾಡ್ಕೋಬೇಡ್ರಿ" ಎಂದು ಬಗ್ಗಿ ನಾಯಿಗೇ ಹೇಳಿದರು.