ಸಂಗಮದ ಊರಿಗೆ ಸಬ್‌ಸ್ಕ್ರಿಪ್ಷನ್ ಕಾಫಿ

1989ರಲ್ಲಿ ನಮ್ಮ ಕಡೆಗೆ ಎರಡು ಪುಣ್ಯ ಒಟ್ಟಿಗೇ ಬಂದವು. ತಿರುಮಕೂಡಲು ನರಸೀಪುರದಲ್ಲಿ ಮೊದಲ ಕುಂಭಮೇಳ ನಡೆಯಿತು, ನಂಜನಗೂಡಿನಲ್ಲಿ ನೆಸ್ಲೆ ಕಾರ್ಖಾನೆ ಶುರುವಾಯಿತು. ಅಲ್ಲಿ ಮೂರು ಮುಳುಗು ಹಾಕಿದರೆ ಪಾಪ ಕರಗುತ್ತದೆ, ಇಲ್ಲಿ ತಯಾರಾಗುವ ಕಾಫಿಯನ್ನು ಮೂರು ಸಲ ಕದಡಿದರೆ ಪುಡಿ ಕರಗುತ್ತದೆ. ಎರಡು ಕಡೆಯೂ ತಳದಲ್ಲಿ ಏನೂ ಉಳಿಯುವುದಿಲ್ಲವೆಂದು ಜನ ನಂಬಿದ್ದಾರೆ. ನಂಜನಗೂಡಿನ ಮುಂದಾಲೋಚನೆಯನ್ನಂತೂ ಮೆಚ್ಚಲೇಬೇಕು. 1913ರಲ್ಲೇ ಸದ್ವೈದ್ಯಶಾಲೆ ತೆರೆದು ಹಲ್ಲುಪುಡಿಗೆ ಹೆಸರಾದ ಊರದು. ಕಾಫಿ ಕಲೆ ಹತ್ತುವ ಮೊದಲೇ ಉಜ್ಜುವ ಪುಡಿ ಮಾಡಿಟ್ಟುಕೊಂಡಿತ್ತು.

ಇಂಥ ಎರಡು ಊರುಗಳ ಜನ ಈಗ ‘ಕೈಗೆಟುಕುವ ಬೆಲೆಯ ಕಾಫಿ ಸಬ್‌ಸ್ಕ್ರಿಪ್ಷನ್ ಯಾವುದು’ ಎಂದು ಫೋನು ತಿಕ್ಕುತ್ತಿದ್ದಾರೆ.

ಇದರಲ್ಲಿ ತಮಾಷೆ ಏನೆಂದರೆ, ನಮ್ಮಷ್ಟು ಕಾಫಿಯ ದಾರಿಯಲ್ಲೇ ಕೂತವರು ಬೇರೆ ಯಾರೂ ಇಲ್ಲ. ಕೊಡಗಿನಲ್ಲಿ ಹುಟ್ಟಿದ ಕಾವೇರಿ, ವಯನಾಡಿನಲ್ಲಿ ಹುಟ್ಟಿದ ಕಪಿಲೆ, ಎರಡೂ ಕಾಫಿ ತೋಟಗಳ ಪಕ್ಕದಿಂದಲೇ ಇಳಿದು ನರಸೀಪುರದಲ್ಲಿ ಸೇರುತ್ತವೆ. ಕಪಿಲೆಯಂತೂ ನಂಜುಂಡೇಶ್ವರನ ಪಾದಕ್ಕೆ ಅಡ್ಡಬಿದ್ದೇ ಬರುತ್ತಾಳೆ. ರಸ್ತೆಯೂ ಅಷ್ಟೆ. ಕೋಯಿಕ್ಕೋಡಿನಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 766 ವಯನಾಡು ಹತ್ತಿ ಇಳಿದು, ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ನರಸೀಪುರ ಮುಟ್ಟಿಕೊಂಡು ಕೊಳ್ಳೇಗಾಲಕ್ಕೆ ಹೋಗುತ್ತದೆ. ನೀರೂ ಇಲ್ಲೇ, ಲಾರಿಯೂ ಇಲ್ಲೇ. ಆದರೂ ಕೊಡಗಿನ ಬೀಜ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಿಂದ ಹೊರಟು, ಮೈಸೂರು ದಾಟಿ, ಬೆಂಗಳೂರಿಗೆ ಹೋಗಿ, ಅಲ್ಲಿ ಹುರಿಸಿಕೊಂಡು, ಕಂದು ಬಣ್ಣದ ಕಾಗದದ ಅಂಗಿ ತೊಟ್ಟು, ಮತ್ತೆ ಮೈಸೂರಿನ ಮೇಲೆಯೇ ನರಸೀಪುರಕ್ಕೆ ಬರಬೇಕು. ಹುಡುಗ ಪಕ್ಕದ ಬೀದಿಯವನೇ ಆದರೂ ಬೆಂಗಳೂರಿನಲ್ಲಿ ನಾಲ್ಕು ದಿನ ಇದ್ದು ಬಂದರೆ ವರದಕ್ಷಿಣೆ ಏರುವ ಹಾಗೆ, ಬೀಜದ ದರವೂ ಏರುತ್ತದೆ. ಪ್ಯಾಕೆಟ್ಟಿನ ಮೇಲೆ ‘ಉಚಿತ ಡೆಲಿವರಿ’ ಎಂದು ಬರೆದಿರುತ್ತದೆ.

ನರಸೀಪುರದಲ್ಲಿರುವ ನಮ್ಮ ನೆಂಟರೊಬ್ಬರು ನಿವೃತ್ತ ಮೇಷ್ಟ್ರು. ‘ಒಂದು ಅಗ್ಗದ್ದು ನೋಡಿ ಹಾಕಿಕೊಡು’ ಎಂದರು. ಸರಿ, ಕೂತೆವು. ಕಾಫಿ ಕೊಳ್ಳುವ ಮೊದಲು ಪ್ರಶ್ನಪತ್ರಿಕೆ ಇತ್ತು. ಜೀವಮಾನವೆಲ್ಲ ಪ್ರಶ್ನೆ ಕೇಳಿದವರಿಗೆ ಕಡೆಗಾಲದಲ್ಲಿ ಉತ್ತರ ಹೇಳುವ ಕರ್ಮ. ‘ನಿಮಗೆ ಇಷ್ಟವಾಗುವುದು ಹಣ್ಣಿನ ಛಾಯೆಯೋ, ಹೂವಿನದೋ, ಬೀಜದ್ದೋ?’ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ‘ಕಾಫಿಯದು ಇಲ್ವೇ?’ ಎಂದರು. ಆ ಆಯ್ಕೆ ಇರಲಿಲ್ಲ. ‘ನೀವು ಬ್ರೂ ಮಾಡುವುದು ಹೇಗೆ?’ ವಿ60, ಏರೋಪ್ರೆಸ್, ಕೆಮೆಕ್ಸ್, ಮೋಕಾ ಪಾಟ್, ಫ್ರೆಂಚ್ ಪ್ರೆಸ್. ಜಪಾನು, ಅಮೆರಿಕ, ಇಟಲಿ, ಫ್ರಾನ್ಸ್ ಸುತ್ತಿ ಬಂದ ಮೇಲೆ ಪಟ್ಟಿಯ ಕಟ್ಟಕಡೆಯಲ್ಲಿ, ಮದುವೆ ಮನೆಯಲ್ಲಿ ಬಡ ಸೋದರಮಾವನನ್ನು ಕೂರಿಸುವ ಜಾಗದಲ್ಲಿ, ‘ಸೌತ್ ಇಂಡಿಯನ್ ಫಿಲ್ಟರ್’ ಕೂತಿತ್ತು.

ಮೊದಲ ಪ್ಯಾಕೆಟ್ ಬಂತು. ಬಂತು ಎನ್ನುವುದು ಕಂಪನಿಯ ಭಾಷೆ. ನರಸೀಪುರದಲ್ಲಿ ಕೊರಿಯರ್ ಬರುವುದಿಲ್ಲ, ಕರೆಯುತ್ತದೆ. ‘ಸಾರ್, ಬಸ್‌ಸ್ಟ್ಯಾಂಡ್ ಹತ್ರ ಇದೀನಿ, ಬಂದು ಈಸ್ಕೊಳ್ಳಿ.’ ಮನೆಬಾಗಿಲಿಗೆ ಬರಬೇಕಾದ ಕಾಫಿಯನ್ನು ಮೇಷ್ಟ್ರು ಬಸ್‌ಸ್ಟ್ಯಾಂಡಿಗೆ ಹೋಗಿ ಎದುರುಗೊಂಡರು. ದಾರಿಯಲ್ಲಿ ಕಾಫಿಪುಡಿ ಅಂಗಡಿ ಇತ್ತು. ಅಂಗಡಿಯವನು ನಮಸ್ಕಾರ ಹೇಳಿದ. ಮೇಷ್ಟ್ರು ಪ್ಯಾಕೆಟ್ಟನ್ನು ಪಂಚೆಯ ಮರೆಗೆ ಹಿಡಿದುಕೊಂಡರು.

ಮನೆಯಲ್ಲಿ ಹಿತ್ತಾಳೆ ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದರು. ಡಿಕಾಕ್ಷನ್ ಇಳಿಯಿತು, ಚಹದ ಬಣ್ಣದಲ್ಲಿ. ತಪ್ಪು ಫಿಲ್ಟರಿನದಲ್ಲ. ಎಳೆ ಹುರಿತದ ಅರೇಬಿಕಾ ಹಾಗೆಯೇ ಇಳಿಯುವುದು, ಅದರ ಹುಳಿಯೇ ಅದರ ಹೆಮ್ಮೆ. ಅದಕ್ಕೆ ನಂದಿನಿ ಹಾಲನ್ನು ಉಕ್ಕಿಸಿ ಬೆರೆಸಿ, ಎರಡು ಚಮಚ ಸಕ್ಕರೆ ಹಾಕಿ, ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು, ಎದ್ದು ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆಯನ್ನು ಮೂಸಿದರು. ‘ಹಾಲು ಕೆಟ್ಟಿದೆ ಕಣೋ.’ ಹಾಲು ಕೆಟ್ಟಿಲ್ಲ ಅಜ್ಜಿ, ಅದು ಸ್ಪೆಷಾಲಿಟಿ.

ಪ್ಯಾಕೆಟ್ಟಿನ ಮೇಲೆ ರುಚಿಯ ವರ್ಣನೆ ಇತ್ತು: ಮಲ್ಲಿಗೆ, ಬೆಲ್ಲ, ಕಳಿತ ಬಾಳೆಹಣ್ಣು. ಇದು ಪೂರ್ತಿ ಬುರುಡೆಯೇನಲ್ಲ. ಕಾಫಿ ಹಣ್ಣನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಹುದುಗಿಸಿದರೆ ಅಂಥ ಘಮ ನಿಜವಾಗಿಯೂ ಬರುತ್ತದೆ. ಬಂದರೆ ಬರಲಿ. ಆದರೆ ಬಾಳೆಹಣ್ಣಿನ ಘಮವನ್ನು ನಂಜನಗೂಡಿನ ವಿಳಾಸಕ್ಕೆ ಕೊರಿಯರ್ ಮಾಡುವುದಕ್ಕೆ ಒಂದು ಎದೆಗಾರಿಕೆ ಬೇಕು. ಭೌಗೋಳಿಕ ಸೂಚಿ ಪಡೆದ ರಸಬಾಳೆ ಇರುವ ಊರು ಇದು. ಪನಾಮಾ ಸೊರಗು ರೋಗ ತಗಲಿ ತೋಟಗಳು ಒಂದೊಂದಾಗಿ ಬೋಳಾದವು. ನಂಜನಗೂಡಿನಲ್ಲಿ ನಂಜನಗೂಡು ರಸಬಾಳೆ ಹುಡುಕಿಕೊಂಡು ಅಲೆಯಬೇಕಾದ ಕಾಲ ಬಂತು. ನಿಜವಾದ ಹಣ್ಣಿಗೆ ಕೊಡದ ಬೆಲೆಯನ್ನು ಹಣ್ಣಿನ ನೆನಪಿಗೆ ಕೊಡುವ ನಾವು ಈಗ ಕಾಫಿ ಮೂಸಿ ‘ಓಹೋ, ಬಾಳೆ’ ಎಂದು ತಲೆದೂಗುತ್ತೇವೆ.

ಇನ್ನು ‘ಅಗ್ಗ’ದ ಲೆಕ್ಕ. ಇದು ಬಹಳ ಸೊಗಸಾಗಿದೆ. 250 ಗ್ರಾಂಗೆ 500 ರೂಪಾಯಿ ಅಂದುಕೊಳ್ಳಿ. ಒಂದು ಕಪ್ಪಿಗೆ 15 ಗ್ರಾಂ. ಹಾಗಾದರೆ ಕಪ್ಪಿಗೆ ಬರೀ 30 ರೂಪಾಯಿ! ಕೆಫೆಯಲ್ಲಾದರೆ 250 ರೂಪಾಯಿ! ಒಂದೊಂದು ಕಪ್ಪಿಗೂ 220 ರೂಪಾಯಿ ಉಳಿತಾಯ! ಮೇಷ್ಟ್ರು ಹುಟ್ಟಿದ್ದಾರಭ್ಯ ಆ ಕೆಫೆಯ ಬಾಗಿಲು ತುಳಿದವರಲ್ಲ. ತುಳಿಯದ ಬಾಗಿಲಿನಿಂದ ಉಳಿದ ದುಡ್ಡು ಯಾವ ಬ್ಯಾಂಕಿನಲ್ಲಿದೆ ಎಂದು ಅವರು ಇನ್ನೂ ಹುಡುಕುತ್ತಿದ್ದಾರೆ. ಮನೆಯ ಲೆಕ್ಕವೇ ಬೇರೆ. ನಾಲ್ಕು ಜನ, ಹೊತ್ತಿಗೊಂದು ಲೋಟ, ದಿನಕ್ಕೆ ಎಂಟು. ಚಿಕೋರಿಯ ಆಸರೆಯಿಲ್ಲದ ಪುಡಿ ಲೋಟಕ್ಕೆ ಹತ್ತು ಗ್ರಾಂ ಹಿಡಿದರೂ ದಿನಕ್ಕೆ 80 ಗ್ರಾಂ. ತಿಂಗಳಿಗೆ ಸಾಲಬೇಕಾದ ಪ್ಯಾಕೆಟ್ ಮೂರು ದಿನಕ್ಕೆ ತಳ ಕಾಣುತ್ತದೆ. ನೆಂಟರು ಬಂದರೆ ಅಂದೇ ಸಂಜೆ. ತಿಂಗಳು ಪೂರ್ತಿ ಕುಡಿಯಬೇಕೆಂದರೆ ಎರಡು ಕೆಜಿ ನಾನೂರು ಗ್ರಾಂ, 4,800 ರೂಪಾಯಿ. ಹಾಗಾಗಿ ಸಬ್‌ಸ್ಕ್ರಿಪ್ಷನ್ ಇರುವ ಮನೆಗಳಲ್ಲಿ ಎರಡು ಡಬ್ಬಿಗಳಿರುತ್ತವೆ. ಒಂದು ಷೋಕೇಸಿನಲ್ಲಿ, ಇನ್ನೊಂದು ಒಲೆಯ ಪಕ್ಕದಲ್ಲಿ. ಕುಡಿಯುವುದು ಯಾವುದರಿಂದ ಎಂದು ಕೇಳಬೇಡಿ, ನೊಂದುಕೊಳ್ಳುತ್ತಾರೆ.

ಹಾಂ, ಚಿಕೋರಿ. ಈ ಹೊಸ ಕಾಫಿಮತದಲ್ಲಿ ಚಿಕೋರಿಯ ಹೆಸರೆತ್ತಿದರೆ ಸ್ನಾನ ಮಾಡಿ ಬರಬೇಕು. ನಮ್ಮ ಸಂಗಮ ನೋಡಿ: ಕಣ್ಣಿಗೆ ಕಾಣುವುದು ಎರಡೇ ನದಿ, ಆದರೂ ಅದು ತ್ರಿವೇಣಿ. ಮೂರನೆಯದು ಸ್ಫಟಿಕ ಸರೋವರ, ಗುಪ್ತಗಾಮಿನಿ. ಹಳೇ ಮೈಸೂರಿನ ಕಾಫಿಯಲ್ಲಿ ಚಿಕೋರಿಯ ಸ್ಥಾನ ಅದೇ. ಕಾಣುವುದಿಲ್ಲ, ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅದಿಲ್ಲದೆ ತೀರ್ಥ ಪೂರ್ತಿಯಾಗುವುದಿಲ್ಲ. ಸರ್ಕಾರ ಮಾತ್ರ ಅದನ್ನು ಗುಪ್ತವಾಗಿರಲು ಬಿಟ್ಟಿಲ್ಲ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದು, ಯಾವುದು ಎಷ್ಟು ಎಂದು ಪ್ಯಾಕೆಟ್ಟಿನ ಮೇಲೆ ಬರೆಯಬೇಕು. ಹುಡುಕಿ ಓದಿ, ಇರುವೆ ಗಾತ್ರದ ಅಕ್ಷರದಲ್ಲಿ ಇರುತ್ತದೆ. ಹೆಚ್ಚುಕಡಿಮೆ ಅರ್ಧ ಚಿಕೋರಿ ಬೇರಿನ ಪುಡಿ ಕೊಳ್ಳುತ್ತಿದ್ದೀರೋ, ಐದರಲ್ಲೊಂದು ಭಾಗವೋ ಎನ್ನುವುದು ಮಲ್ಲಿಗೆ ಘಮಕ್ಕಿಂತ ಜೇಬಿಗೆ ಹತ್ತಿರದ ವಿಷಯ.

ಬೆಲೆ ಏರಿದ್ದು ಸುಳ್ಳಲ್ಲ. 2025ರ ಫೆಬ್ರುವರಿಯಲ್ಲಿ ನರಸೀಪುರದ ಸಂಗಮದಲ್ಲಿ ಕುಂಭಮೇಳಕ್ಕೆ ಬಂದವರು ಮುಳುಗೇಳುತ್ತಿದ್ದ ತಿಂಗಳಲ್ಲೇ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಬರೆಯಿತು. ಇಲ್ಲಿ ಮುಳುಗಿದವರು ಮೇಲೆದ್ದರು, ಅಲ್ಲಿ ಎದ್ದದ್ದರಿಂದ ಅಡುಗೆಮನೆಯ ಬಜೆಟ್ ಮುಳುಗಿತು. ಸಬ್‌ಸ್ಕ್ರಿಪ್ಷನ್‌ನವರು ಮಾತಿಗೆ ತಪ್ಪುವವರಲ್ಲ, ‘ಬೆಲೆ ಏರಿಸುವುದಿಲ್ಲ’ ಎಂದಿದ್ದರು, ಏರಿಸಲಿಲ್ಲ. ಪ್ಯಾಕೆಟ್ 250ರಿಂದ 200 ಗ್ರಾಂಗೆ ಇಳಿಯಿತು. ಗ್ರಾಂ ಬಗ್ಗೆ ಯಾರೂ ಮಾತು ಕೊಟ್ಟಿರಲಿಲ್ಲ. ಇದಕ್ಕೇ ಹೇಳುವುದು, ಪ್ಯಾಕೆಟ್ಟಿನ ದರ ನೋಡಬೇಡಿ, ಕೆಜಿಗೆ ಎಷ್ಟು ಬಿತ್ತು ನೋಡಿ ಎಂದು.

ಬೆಳೆಗಾರನಿಗೆ ನೇರವಾಗಿ ದುಡ್ಡು ಸೇರುತ್ತದೆಂಬ ಫೋಟೊ ಎಲ್ಲ ಪ್ಯಾಕೆಟ್ಟಿನಲ್ಲೂ ಇರುತ್ತದೆ: ಟೋಪಿ, ನಗು, ಕೈತುಂಬ ಕೆಂಪು ಹಣ್ಣು. ಕೆಲವರು ನಿಜವಾಗಿಯೂ ಒಳ್ಳೆಯ ದರ ಕೊಡುತ್ತಾರೆ, ಅಲ್ಲಗಳೆಯುವುದಿಲ್ಲ. ಎಷ್ಟು ಕೊಟ್ಟೆವೆಂದು ಅಂಕಿಯಲ್ಲಿ ಬರೆಯುವವರು ಮಾತ್ರ ಕಡಿಮೆ, ನಗುವಿಗೆ ಅಂಕಿ ಬೇಕಿಲ್ಲವಲ್ಲ. ಕಂತಿನ ಬಂಧನದ ವಿಷಯದಲ್ಲಿ ಬೆಳೆಗಾರ ನಮಗಿಂತ ಹಿರಿಯ. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಬೆಳೆದದ್ದನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಲೇಬೇಕಿತ್ತು. ಹಣ ಕಂತುಕಂತಾಗಿ, ಮಂಡಳಿಗೆ ಮನಸ್ಸು ಬಂದಾಗ ಬರುತ್ತಿತ್ತು. 1990ರ ದಶಕದ ನಡುವಿನಲ್ಲಿ ಅವನಿಗೆ ಬಿಡುಗಡೆ ಸಿಕ್ಕಿತು. ಅವನು ಬಿಚ್ಚಿಟ್ಟ ಹಗ್ಗವನ್ನು ನಾವೀಗ ಆಟೊಪೇ ಎಂದು ಕರೆದು ನಾವಾಗಿಯೇ ಕಟ್ಟಿಕೊಂಡಿದ್ದೇವೆ.

ಆಟೊಪೇ ಎಂಥ ಸುಖ! ದುಡ್ಡು ಹೋಗುವಾಗ ನೋವಾಗುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮವಿದೆ, ಕಡಿತಕ್ಕೆ 24 ಗಂಟೆ ಮೊದಲು ಸಂದೇಶ ಕಳಿಸಬೇಕು. ಸಂದೇಶ ಬರುತ್ತದೆ, ಸಾಲ ಬೇಕೇ, ಸೈಟು ಬೇಕೇ, ನಿಮಗೆ ಲಾಟರಿ ಬಂದಿದೆ ಎಂಬ ಮೂವತ್ತು ಸಂದೇಶಗಳ ನಡುವೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಹದಿಮೂರು ಬಗೆಯ ಮೋಸಗಳನ್ನು ಹೆಸರಿಸಿದೆ. ಸೇರಲು ಸಲೀಸು, ಬಿಡಲು ಕಷ್ಟ ಎಂಬ ಸಬ್‌ಸ್ಕ್ರಿಪ್ಷನ್ ಬಲೆ ಅದರಲ್ಲೊಂದು. ಹಾಗಾಗಿ ಆರಿಸುವವರು ಮೊದಲು ನೋಡಬೇಕಾದ್ದು ರುಚಿಯನ್ನಲ್ಲ, ‘ಈ ತಿಂಗಳು ಬೇಡ’ ಎನ್ನುವ ಗುಂಡಿ ಎಲ್ಲಿದೆ ಎನ್ನುವುದನ್ನು. ಆಮೇಲೆ ಹುರಿದ ದಿನಾಂಕ. ಪ್ಯಾಕ್ ಮಾಡಿದ ದಿನಾಂಕ ಬೇರೆ, ಹುರಿದ ದಿನಾಂಕ ಬೇರೆ. ಎರಡರ ನಡುವೆ ಒಂದು ಚಾತುರ್ಮಾಸ್ಯ ಕಳೆದಿರಬಹುದು. ನಿಮ್ಮದು ಹಾಲು–ಸಕ್ಕರೆಯ ಮನೆಯಾದರೆ ಕಪ್ಪಗೆ ಹುರಿದದ್ದನ್ನು ಕೇಳಿ, ಒಂದಿಷ್ಟು ರೋಬಸ್ಟಾ ಬೆರೆಸಿದ್ದನ್ನು ತರಿಸಿ. ವಯನಾಡಿನ ರೋಬಸ್ಟಾಗೆ 2019ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿದೆ, ನಾಚಿಕೆಪಡುವಂಥದ್ದೇನಲ್ಲ.

ಅಥವಾ ಬಸ್‌ಸ್ಟ್ಯಾಂಡಿನ ದಾರಿಯ ಅಂಗಡಿಗೇ ಹೋಗಿ. ‘ಪೀಬರಿ ಅರ್ಧ, ಪ್ಲಾಂಟೇಷನ್ ಎ ಅರ್ಧ, ಚಿಕೋರಿ ಇಪ್ಪತ್ತು, ಕಾಲು ಕೆಜಿ’ ಎನ್ನಿ. ಪ್ರಶ್ನಪತ್ರಿಕೆ ಇಲ್ಲ. ಎದುರಿಗೇ ಬೀಜ ತೂಗಿ ಯಂತ್ರಕ್ಕೆ ಸುರಿಯುತ್ತಾನೆ, ಪುಡಿ ಇನ್ನೂ ಬೆಚ್ಚಗಿರುವಾಗಲೇ ಕೈಗೆ ಕೊಡುತ್ತಾನೆ, ಬಟ್ಟೆಗೆಲ್ಲ ವಾಸನೆ ಹತ್ತುತ್ತದೆ. ವಾರ ತಪ್ಪಿದರೆ ‘ಊರಲ್ಲಿರ್ಲಿಲ್ವಾ ಮೇಷ್ಟ್ರೇ?’ ಎಂದು ಕೇಳುತ್ತಾನೆ, ಸಾಫ್ಟ್‌ವೇರ್ ಇಲ್ಲದೆ. ಸಾಲವನ್ನೂ ಬರೆದುಕೊಳ್ಳುತ್ತಾನೆ, ಒಟಿಪಿ ಇಲ್ಲದೆ. ಅವನ ದೋಷ ಒಂದೇ, ಪೊಟ್ಟಣದ ಫೋಟೊ ತೆಗೆದು ಸ್ಟೇಟಸ್ ಹಾಕಲು ಬರುವುದಿಲ್ಲ. ಹಳೇ ಪೇಪರಿನ ಮೇಲೆ ಯಾರದೋ ಶ್ರದ್ಧಾಂಜಲಿಯ ಚಿತ್ರವಿರುತ್ತದೆ.

ಕೊನೆಗೆ ಮೇಷ್ಟ್ರು ಸಬ್‌ಸ್ಕ್ರಿಪ್ಷನ್ ಬಿಡಲು ತೀರ್ಮಾನಿಸಿದರು. ಗುಂಡಿ ಸಿಕ್ಕಿತು, ಮೂರು ಪರದೆಗಳ ಹಿಂದೆ. ‘ನಮ್ಮನ್ನು ಬಿಟ್ಟು ಹೋಗುತ್ತೀರಾ?’ ಎಂದು ಅಳುಮುಖದ ಕಪ್ಪೊಂದು ಕೇಳಿತು. ಹೌದೆಂದರು. ಕಾರಣ ಆರಿಸಿ ಎಂದಿತು. ‘ಬೆಲೆ ಜಾಸ್ತಿ’ ಒತ್ತಿದರೆ ಶೇ. 10 ರಿಯಾಯಿತಿ ಕೊಟ್ಟು ಹಿಂದಕ್ಕೆ ಎಳೆಯಿತು. ‘ಕಾಫಿ ಉಳಿದಿದೆ’ ಒತ್ತಿದರೆ ಎರಡು ವಾರ ಮುಂದೂಡಿ ಬೆನ್ನು ತಟ್ಟಿತು. ‘ರುಚಿ ಹಿಡಿಸಲಿಲ್ಲ’ ಒತ್ತಿದರೆ ಪ್ರಶ್ನಪತ್ರಿಕೆಯನ್ನೇ ಮತ್ತೆ ತೆರೆಯಿತು. ಮೇಷ್ಟ್ರಿಗೆ ಉಪಾಯ ಹೊಳೆಯಿತು. ‘ಊರು ಬಿಡುತ್ತಿದ್ದೇನೆ’ ಒತ್ತಿದರು, ಸಲೀಸಾಗಿ ಬಿಡುಗಡೆಯಾಯಿತು. ಮರುದಿನ ಬೆಳಿಗ್ಗೆ ಫೋನು ಬಂತು. ಹುಡುಗಿ ಬಹಳ ಸಂತೋಷದಿಂದಿದ್ದಳು.

‘ಹೊಸ ಮನೆಗೆ ಅಭಿನಂದನೆ ಸಾರ್. ಅಡ್ರೆಸ್ ಹೇಳಿ, ಗೃಹಪ್ರವೇಶಕ್ಕೆ ಮೊದಲ ಪ್ಯಾಕೆಟ್ ನಮ್ಮ ಕಡೆಯಿಂದ.’