ಹಾಪ್ಸ್‌ವಲ್ಲೀ ಮೀಮಾಂಸೆ ಅಥವಾ ಬಾಲ್ಕನಿಯಲ್ಲಿ ಯೂರೋಪು

ಶಾಸ್ತ್ರಗ್ರಂಥಗಳ ಆರಂಭದಲ್ಲಿ ಗಣಪತಿಗೆ ಸಲ್ಲುವ ಜಾಗ ಈ ಪ್ರಬಂಧದಲ್ಲಿ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಾರ್ಯದರ್ಶಿಗೆ ಸಲ್ಲತಕ್ಕದ್ದು. ಆತನ ಲಿಖಿತ ಅನುಮತಿಯಿಲ್ಲದೆ ವೈಟ್‌ಫೀಲ್ಡಿನಲ್ಲಿ ಯಾವ ಬಳ್ಳಿಯೂ ರೇಲಿಂಗ್ ಹತ್ತುವುದಿಲ್ಲ. ವಿಘ್ನ ಒಡ್ಡುವವನೂ ನಿವಾರಿಸುವವನೂ ಒಬ್ಬನೇ ಆಗಿರುವುದು ನಮ್ಮ ಪರಂಪರೆಗೆ ಹೊಸದೇನಲ್ಲ.

ಮೀಮಾಂಸೆಯ ವಸ್ತು ಹಾಪ್ಸ್. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವುದು ಇದರ ಹೆಣ್ಣುಬಳ್ಳಿಯ ಶಂಕುವಿನಾಕಾರದ ಹೂಗೊಂಚಲು. ಅದರೊಳಗಿನ ಹಳದಿ ಪುಡಿಗೆ ಲುಪುಲಿನ್ ಎನ್ನುತ್ತಾರೆ. ಕುಲಗೋತ್ರ ವಿಚಾರಿಸಿದರೆ ಕ್ಯಾನಬೇಸಿ, ಅಂದರೆ ಗಾಂಜಾದ ದಾಯಾದಿ. ಈ ಮಾಹಿತಿಯನ್ನು ಕಾರ್ಯದರ್ಶಿಯ ಮುಂದೆ ಸ್ವಯಂಪ್ರೇರಿತವಾಗಿ ಹೇಳಬಾರದೆಂಬುದು ಈ ಶಾಸ್ತ್ರದ ಮೊದಲ ವಿಧಿ. ಎರಡನೆಯ ವಿಧಿ ಅಬಕಾರಿಯದು: ಬಳ್ಳಿ ಬೆಳೆಸಲು ಅಡ್ಡಿಯಿಲ್ಲ, ಆದರೆ 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಅಡುಗೆಮನೆಯಲ್ಲಿ ಬಿಯರ್ ಕಾಯಿಸುವಂತಿಲ್ಲ. ಆದ್ದರಿಂದ ಹದಿನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಟೆಕ್ಕಿಯೊಬ್ಬ ಬೆಳೆಸಹೊರಟಿರುವ ಹಾಪ್ಸ್ ಶುದ್ಧ ನಿಷ್ಕಾಮಕರ್ಮ.

ಈ ಬಳ್ಳಿಯ ಮೇಲಿನ ಪ್ರಮಾಣಗ್ರಂಥಕಾರ ಚಾರ್ಲ್ಸ್ ಡಾರ್ವಿನ್. ಕಾಯಿಲೆಯಿಂದ ಕೋಣೆ ಬಿಟ್ಟು ಹೊರಬರಲಾಗದ ದಿನಗಳಲ್ಲಿ ಆತ ಕುಂಡದ ಹಾಪ್ಸನ್ನು ಪಕ್ಕದಲ್ಲಿಟ್ಟುಕೊಂಡು ಅದರ ಕುಡಿ ಗಾಳಿಯಲ್ಲಿ ಸುತ್ತುವುದನ್ನು ಹಗಲೂ ರಾತ್ರಿ ಗಮನಿಸಿದ. ಬಿಸಿ ಹವೆಯಲ್ಲಿ ಒಂದು ಸುತ್ತಿಗೆ ಸರಾಸರಿ 2 ಗಂಟೆ 8 ನಿಮಿಷ. ಸಂಜೆ ಆರರ ಮೇಲೆ ಎಲೆಕ್ಟ್ರಾನಿಕ್ ಸಿಟಿಯಿಂದ ವೈಟ್‌ಫೀಲ್ಡ್ ತಲುಪಲು ಹಿಡಿಯುವ ಕಾಲಕ್ಕೂ ಈ ಅಂಕಿಗೂ ಸಂಬಂಧ ಕಲ್ಪಿಸುವುದು ಅಶಾಸ್ತ್ರೀಯ.

ಇನ್ನು ಪೂರ್ವಪಕ್ಷ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ, ಹವೆ ತಂಪು, ವೈಟ್‌ಫೀಲ್ಡಿನಲ್ಲೇ ಬಿಯರ್ ಕುದಿಸುವ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಇದೆ, ಕೋಕೋಪೀಟ್ ಮನೆಬಾಗಿಲಿಗೇ ಬರುತ್ತದೆ. ಹಾಗಿದ್ದಮೇಲೆ ಹಾಪ್ಸ್ ಏಕೆ ಬರಬಾರದು? ಟೆಕ್ಕಿಯ ಈ ವಾದದಲ್ಲಿ ತರ್ಕದೋಷವಿಲ್ಲ. ದೋಷ ಸೂರ್ಯನದು. ಹಾಪ್ಸ್ ಒಗ್ಗಿರುವುದು ಹೆಚ್ಚಾಗಿ 35ರಿಂದ 55 ಡಿಗ್ರಿ ಅಕ್ಷಾಂಶಗಳಿಗೆ. ಜರ್ಮನಿಯ ಹಾಲರ್‌ಟೌನಲ್ಲಿ ಜೂನ್ ತಿಂಗಳ ಹಗಲು 16 ಗಂಟೆ. ಆ ದೀರ್ಘ ಹಗಲಲ್ಲಿ ಬಳ್ಳಿ 7 ಮೀಟರ್ ಎತ್ತರದ ತಂತಿ ಮುಟ್ಟುತ್ತದೆ, ಹಗಲು ಕುಗ್ಗತೊಡಗಿದಾಗ ಹೂವಿಗೆ ತಿರುಗುತ್ತದೆ. 13 ಡಿಗ್ರಿಯ ಬೆಂಗಳೂರಿನಲ್ಲಿ ಅತಿ ಉದ್ದದ ಹಗಲೂ 13 ಗಂಟೆ ತುಂಬುವುದಿಲ್ಲ. ಹೀಗಾಗಿ ಇಲ್ಲಿನ ಹನ್ನೆರಡು ತಿಂಗಳೂ ಹಾಪ್ಸಿಗೆ ಕಾರ್ತಿಕ ಮಾಸ. ಮೊಳಕೆಯೊಡೆದು ಸ್ವಲ್ಪ ಎತ್ತರವಾಗುತ್ತಲೇ ಇನ್ನೇನು ಚಳಿಗಾಲ ಬಂತೆಂದು ಗಾಬರಿಬಿದ್ದು ನಾಲ್ಕು ಹೂ ಬಿಟ್ಟು ಸುಮ್ಮನಾಗುತ್ತದೆ.

ಚಳಿಯ ಲೆಕ್ಕವೂ ಹಾಗೆಯೇ. ಹಾಪ್ಸಿಗೆ ಕೆಲವು ವಾರ 5 ಡಿಗ್ರಿಗಿಂತ ಕೆಳಗಿನ ನಿದ್ರೆ ಬೇಕೆಂಬುದು ಹಳೆಯ ಪಕ್ಷ. ಬೆಂಗಳೂರಿನ ದಾಖಲೆಯ ಅತಿ ತಣ್ಣನೆಯ ಹೊತ್ತು 1884ರ ಜನವರಿ 13ರದು, 7.8 ಡಿಗ್ರಿ. ಅಂದು ಚಳಿಗೆ ನಡುಗಿದ ನಗರವೂ ಹಾಪ್ಸಿನ ದೃಷ್ಟಿಯಲ್ಲಿ ಸೆಖೆಯೇ. ಆದರೆ 2019ರಲ್ಲಿ ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯ ಪ್ರಯೋಗವೊಂದು, ಬೆಳಕನ್ನು ಸರಿಯಾಗಿ ಕೊಟ್ಟರೆ ಚಳಿನಿದ್ರೆ ಇಲ್ಲದೆಯೂ ಹೂ ಬರುತ್ತದೆಂದು ತೋರಿಸಿತು. ಬ್ರೆಜಿಲಿನ ಬೆಳೆಗಾರರು ರಾತ್ರಿ ದೀಪ ಹಚ್ಚಿ ಹಾಪ್ಸಿಗೆ ಹಗಲು ಉದ್ದ ಮಾಡಿಕೊಡುತ್ತಾರೆ. ನಮ್ಮ ದೇಶದಲ್ಲಿ ಈ ಉಪಾಯಗಳಿಲ್ಲದೆಯೇ ಹಾಪ್ಸ್ ಬೆಳೆದ ಕೀರ್ತಿ 3000 ಮೀಟರ್ ಆಸುಪಾಸಿನ ಲಾಹೌಲ್ ಕಣಿವೆಯ ರೈತರದು. ಬಯಲುಸೀಮೆಯ ಕೀರ್ತಿ ಬೇರೆ ಬಗೆಯದು. 2021ರಲ್ಲಿ ಬಿಹಾರದ ರೈತರೊಬ್ಬರು ಕೆಜಿಗೆ ಲಕ್ಷ ರೂಪಾಯಿಯ ಹಾಪ್ಸ್ ಚಿಗುರು ಬೆಳೆದಿದ್ದಾರೆಂದು ದೇಶವೆಲ್ಲ ಸಂಭ್ರಮಿಸಿತು. ಪತ್ರಕರ್ತರು ಹೊಲ ಹುಡುಕಿಕೊಂಡು ಹೋದಾಗ ಬೆಳೆ ಮಾತ್ರ ಕಾಣಲಿಲ್ಲ. ಅನುಪಲಬ್ಧಿಯೂ ಒಂದು ಪ್ರಮಾಣವೆಂದು ಮೀಮಾಂಸಕರಲ್ಲಿ ಭಾಟ್ಟ ಪಂಥದವರು ಒಪ್ಪಿರುವುದನ್ನು ಇಲ್ಲಿ ನೆನೆಯಬಹುದು.

ಈಗ ಸ್ಥಳಪುರಾಣ, ಈ ಪ್ರಬಂಧದಲ್ಲಿ ತಮಾಷೆ ಕಡಿಮೆ ಇರುವ ಭಾಗ. ವೈಟ್‌ಫೀಲ್ಡ್ ಹುಟ್ಟಿದ್ದೇ ತೋಟಗಾರಿಕೆಗೆ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಅಂಡ್ ಆಂಗ್ಲೋ-ಇಂಡಿಯನ್ ಅಸೋಸಿಯೇಷನ್ನಿಗೆ 3900 ಎಕರೆ ಕೊಟ್ಟದ್ದು, ಆ ಸಮುದಾಯದವರು ಸರ್ಕಾರಿ ನೌಕರಿಯ ಹಂಗು ಬಿಟ್ಟು ಬೇಸಾಯ ಮಾಡಿ ಬದುಕಲೆಂದು. ಮುಂದಾಳು ಡಿ.ಎಸ್. ವೈಟ್ ಹೆಸರೇ ಊರಿಗೆ ನಿಂತಿತು. ಅಂದರೆ ಕೈಗೆ ಮಣ್ಣು ಹತ್ತಿಸಿಕೊಂಡು ಕೆಲಸ ಕಲಿಯಬೇಕೆಂದು ಹಳ್ಳಿ ಕಟ್ಟಿದವರ ನೆಲದಲ್ಲೇ ಇಂದು ವಾರಾಂತ್ಯದ ಕಾರ್ಯಾಗಾರಕ್ಕೆ ಶುಲ್ಕ ಕಟ್ಟಿ ಮಣ್ಣು ಮುಟ್ಟುವ ವಿಧಾನ ಕಲಿಯಲಾಗುತ್ತಿದೆ. ಎಲೆಕ್ಟ್ರಾನಿಕ್ ಸಿಟಿಯ ಚರಿತ್ರೆ ಇದಕ್ಕೆ ತದ್ವಿರುದ್ಧ: 1978ರಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 330 ಎಕರೆಗೂ ಮಿಗಿಲಾದ ನೆಲ ಎಲೆಕ್ಟ್ರಾನಿಕ್ಸಿಗೆ ಮೀಸಲಾಯಿತು. ಇನ್ನು ನಗರದ ಮತ್ತೊಂದು ಕೈಗಾರಿಕಾ ಪ್ರದೇಶವಾದ ಪೀಣ್ಯದಲ್ಲಿ ತೋಟ ಮಾಡುವವರಿಗೆ ಹಾಸ್ಯವಿಲ್ಲದ ಒಂದೇ ಸೂಚನೆ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಬೆರೆತಿರುವುದು ದಾಖಲಾದ ಸಂಗತಿ. ಬೋರ್‌ವೆಲ್ ನೀರನ್ನು ಪರೀಕ್ಷಿಸದೆ ಸೊಪ್ಪಿಗೆ ಬಿಡಬಾರದು, ಕಾರ್ಖಾನೆಯ ರಾಸಾಯನಿಕದ ಡ್ರಮ್ಮನ್ನು ಕುಂಡ ಮಾಡಬಾರದು.

ಹಾಗಾದರೆ ಸಿದ್ಧಾಂತವೇನು? ನಗರದ ತಾರಸಿ ತೋಟಗಾರರು 2011ರಿಂದ ‘ಊಟ ಫ್ರಂ ಯುವರ್ ತೋಟ’ ಎಂಬ ಸಂತೆಯಲ್ಲಿ ಸೇರುತ್ತ ಬಂದಿದ್ದಾರೆ. ಬೀಜ, ಸಸಿ, ಗೊಬ್ಬರದ ಗುಟ್ಟು ಕೈಯಿಂದ ಕೈಗೆ ದಾಟುತ್ತವೆ. ಅಲ್ಲಿಗೆ ಹಾಪ್ಸಿನ ಪ್ರಶ್ನೆ ಹಿಡಿದು ಹೋದವರು ಸಾಮಾನ್ಯವಾಗಿ ಬಸಳೆಯ ದಂಟು ಹಿಡಿದು ಬರುತ್ತಾರೆ. ಇದನ್ನು ಸೋಲೆನ್ನುವಂತಿಲ್ಲ, ಕೆಲವೇ ವಾರಗಳಲ್ಲಿ ಹುಳಿಗೆ ಸೊಪ್ಪು ಸಿಗುತ್ತದೆ.

ಆದರೆ ಹಾಪ್ಸಿಗೆ ನಿಜವಾಗಿ ಜಾತಕ ಕೂಡುವುದು ಅವರೆಯೊಂದಿಗೆ. ಅದೂ ಬಳ್ಳಿ, ಅದೂ ಹಗಲು ಕುಗ್ಗುವುದನ್ನು ಕಾದು ಹೂ ಬಿಡುವ ಸ್ವಭಾವದ್ದು. ಸೊಗಡಿನ ಅವರೆ ಮಂಜು ಬೀಳುವ ಕಾಲಕ್ಕೇ ಬರುವುದು ಇದರಿಂದ. ವ್ಯತ್ಯಾಸವೆಂದರೆ ಅವರೆ ಇಲ್ಲಿನ ಹಗಲನ್ನು ಸರಿಯಾಗಿ ಓದುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆ-4, ಅಂದರೆ ಎಚ್‌ಎ-4 ತಳಿಯನ್ನೂ ಕೊಟ್ಟಿದ್ದಾರೆ. ಹಾಪ್ಸಿಗೆ ಟೆಕ್ಕಿ ಕೇಳುವ ವರವನ್ನು ಹೆಬ್ಬಾಳದವರು ಅವರೆಗೆ ಆಗಲೇ ದಯಪಾಲಿಸಿಯಾಗಿದೆ. ಅಪಾರ್ಟ್‌ಮೆಂಟಿನ ಮಾಲಿಗೆ, ಆತ ಮಾಲೂರಿನವನೋ ಆನೇಕಲ್ಲಿನವನೋ ಆಗಿದ್ದರೆ, ಇದನ್ನು ಯಾರೂ ಪಾಠ ಮಾಡಬೇಕಾಗಿಲ್ಲ. ಕುಡಿಯನ್ನು ಬಲವಂತದಿಂದ ದಾರಕ್ಕೆ ಸುತ್ತಬಾರದೆಂದೂ ಅವನಿಗೆ ಗೊತ್ತು. ಡಾರ್ವಿನ್ ಬರೆದಿಟ್ಟಂತೆ ಹಾಪ್ಸ್ ಸೂರ್ಯನ ದಿಕ್ಕಿಗೆ ಸುತ್ತಿದರೆ ಹುರುಳಿಕಾಯಿ ಬಳ್ಳಿ ಅದರ ವಿರುದ್ಧಕ್ಕೆ. ತಪ್ಪು ದಿಕ್ಕಿಗೆ ಸುತ್ತಿದ ಕುಡಿ ಬಿಚ್ಚಿಕೊಂಡುಬಿಡುತ್ತದೆ.

ಉತ್ತರಪಕ್ಷ ಇನ್ನೂ ಬಾಕಿಯಿದೆ. ಟೆಕ್ಕಿ ಬ್ರೆಜಿಲಿನ ಉದಾಹರಣೆ ಹಿಡಿದು ಎಲ್‌ಇಡಿ ದೀಪ ತರಿಸಲು ಹೊರಟಿದ್ದಾನೆ. ರಾತ್ರಿ ಹತ್ತರವರೆಗೂ ಉರಿಯುವ ಆ ಕೃತಕ ಸೂರ್ಯನ ಬೆಸ್ಕಾಂ ಬಿಲ್ಲು ಫ್ಲ್ಯಾಟಿನ ಮೀಟರಿಗೋ ಕಾಮನ್ ಏರಿಯಾ ಮೀಟರಿಗೋ ಎಂಬ ಸೂಕ್ಷ್ಮವನ್ನು ಇತ್ಯರ್ಥ ಮಾಡಲು ಉಪಸಮಿತಿ ರಚನೆಯಾಗಬೇಕು. ಉಪಸಮಿತಿಗೆ ಕೋರಂ ಸಿಗುವವರೆಗೆ ಹಾಪ್ಸಿಗೆಂದು ಕಟ್ಟಿದ ತೆಂಗಿನ ನಾರಿನ ಹಗ್ಗದ ಮೇಲೆ ಮಾಲಿ ಅವರೆ ಹಬ್ಬಿಸುತ್ತಾನೆ. ಅದಕ್ಕೆ ಅವನು ಯಾರ ಅನುಮತಿಯನ್ನೂ ಕೇಳುವುದಿಲ್ಲ; ಕಾಯಿ ಬಂದ ಮೇಲೆ ಮೊದಲ ಪಾಲು ಕಾರ್ಯದರ್ಶಿಯ ಮನೆಗೆ ಹೋಗುತ್ತದೆ.